ಎದೆಮಟ್ಟ ನೀರಿನಲ್ಲಿ ನರಸಿಂಹ ದರ್ಶನ

ದೇವರ ದರ್ಶನಕ್ಕೆಂದು ಬೆಟ್ಟ ಹತ್ತಿದವರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಬರಿಗಾಲಲ್ಲಿ ನಡೆದವರು, ಉರುಳುಸೇವೆ ಮಾಡಿದವರು, ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಕಾಲು ಊದಿಸಿಕೊಂಡವರೂ ಇದ್ದೀರಿ. ಆದರೆ ಎದೆಮಟ್ಟ ನೀರಿನಲ್ಲಿ, ತಲೆಯ ಮೇಲೆ ಬಾವಲಿಗಳು ಜೋತುಬಿದ್ದಿರುವ ಸುರಂಗದೊಳಗೆ ಸುಮಾರು 300 ಮೀಟರು ನಡೆದುಹೋಗಿ ದೇವರಿಗೆ ಕೈ ಮುಗಿದವರು ಎಷ್ಟು ಮಂದಿ? ಅಂಥ ಗುಡಿ ಎಲ್ಲೋ ಪರದೇಶದಲ್ಲಿಲ್ಲ ಸೋದರಿಯರೇ, ನಮ್ಮ ಕರ್ನಾಟಕದಲ್ಲೇ ಇದೆ. ರಾಜ್ಯದ ಉತ್ತರದ ತುತ್ತತುದಿಯ ಬೀದರಿನಲ್ಲಿರುವ ಝರಣಿ ನರಸಿಂಹ ಸ್ವಾಮಿಯ ಗುಹೆಯೇ ಅದು. ಝರಾ ನರಸಿಂಹ ಅಂತಲೂ ಕರೆಯುತ್ತಾರೆ.

ನಮ್ಮದು ತುಮಕೂರು. ಮನೆದೇವರು ದೇವರಾಯನದುರ್ಗದ ನರಸಿಂಹ. ಮಗ್ಗುಲಲ್ಲೇ ಮನೆದೇವರು ಇರುವಾಗ ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರು ದೂರದ ಬೀದರಿಗೆ ಯಾಕೆ ಹೋದಿರಿ ಅಂತ ನೀವು ಕೇಳಬಹುದು. ಅದಕ್ಕೆ ಕಾರಣ ನಮ್ಮ ಅತ್ತೆಯ ಹರಕೆ. ನನ್ನ ಮಗ ಚಿಕ್ಕವನಿದ್ದಾಗ ಡೆಂಗ್ಯೂ ಜ್ವರ ಬಂದು ಆಸ್ಪತ್ರೆ ಸೇರಿದ್ದ. ಐದು ದಿನ ನಾನು ಅವನ ಮಂಚ ಬಿಟ್ಟು ಏಳಲಿಲ್ಲ. ಅತ್ತೆ ಮನೆಯಲ್ಲಿ ದೇವರ ಕೋಣೆ ಬಿಟ್ಟು ಏಳಲಿಲ್ಲ. ಆಗ ಅವರು, "ಮಗು ಎದ್ದು ಓಡಾಡಲಿ ಸ್ವಾಮಿ, ನೀರಿನಲ್ಲಿರೋ ನಿನ್ನ ಹತ್ರಕ್ಕೆ ನಾನೇ ನಡ್ಕೊಂಡು ಬರ್ತೀನಿ" ಅಂತ ಹೇಳಿಕೊಂಡಿದ್ದರಂತೆ. ನೀರಿನಲ್ಲಿರುವ ನರಸಿಂಹನ ವಿಷಯ ಅವರಿಗೆ ಭಜನೆಯ ಮನೆಯಲ್ಲಿ ಯಾರೋ ಹೇಳಿದ್ದು. ಮಗು ಎದ್ದು ಓಡಾಡಿದ, ಈಗ ಪಿಯುಸಿಗೂ ಬಂದ. ಹರಕೆ ಮಾತ್ರ ಹಾಗೇ ಉಳಿದಿತ್ತು. ಅತ್ತೆಗೆ ಎಪ್ಪತ್ತು ತುಂಬಿದಾಗ, "ಇನ್ನು ತಡ ಮಾಡಿದ್ರೆ ಕಾಲು ನಡೆಯಲ್ಲ ಕಣೆ" ಅಂದರು. ನಾದಿನಿಯ ಮಗಳಿಗೆ ಬೀದರಿನಲ್ಲೇ ಬ್ಯಾಂಕಿನ ಕೆಲಸ. ಉಳಿದುಕೊಳ್ಳಲು ಮನೆಯಿದೆ ಅಂದ ಮೇಲೆ ಯೋಚನೆ ಏನು? ಕಾರ್ತಿಕದಲ್ಲಿ ಹೊರಟೇ ಬಿಟ್ಟೆವು. ನಮ್ಮವರು, ಅತ್ತೆ, ನಾನು. ರಾತ್ರಿ ರೈಲು ಹತ್ತಿ ಮಲಗಿದರೆ ಮರುದಿನ ಬೆಳಿಗ್ಗೆ ಬೀದರು.

ಗುಡಿ ಊರಿಗೆ ಹತ್ತಿರದಲ್ಲೇ ಇದೆ, ಆಟೋದಲ್ಲಿ ಹೋಗಬಹುದು. ಮಣಿಚೂಲ ಬೆಟ್ಟದ ಕೆಳಗೆ ಕೆಂಪು ಕಲ್ಲಿನಲ್ಲಿ ಕೊರೆದಂತಿರುವ ಸುರಂಗ. ಅದರ ತುಂಬ ನೀರು. ಸುರಂಗದ ಕೊನೆಯ ಗೋಡೆಯಲ್ಲಿ ನರಸಿಂಹ, ಜೊತೆಗೆ ಒಂದು ಶಿವಲಿಂಗ. ನರಸಿಂಹನ ಗುಹೆಯಲ್ಲಿ ಶಿವನ್ಯಾಕೆ ಅಂದಿರಾ? ಸ್ಥಳಪುರಾಣ ಹೀಗಿದೆ: ಈ ಗುಹೆಯಲ್ಲಿ ಜಲಾಸುರನೆಂಬ ರಾಕ್ಷಸನಿದ್ದ, ದೊಡ್ಡ ಶಿವಭಕ್ತ. ಹಿರಣ್ಯಕಶಿಪುವನ್ನು ಕೊಂದ ಮೇಲೆ ನರಸಿಂಹ ಇಲ್ಲಿಗೆ ಬಂದು ಇವನನ್ನೂ ಕೊಂದ. ಸಾಯುವಾಗ ಜಲಾಸುರ, "ನನ್ನ ಗುಹೆಯಲ್ಲೇ ನೆಲೆಸಿ ಬಂದವರಿಗೆ ವರ ಕೊಡು" ಅಂತ ಬೇಡಿಕೊಂಡ. ದೇವರು ಒಪ್ಪಿ ನಿಂತ, ಜಲಾಸುರ ನೀರಾಗಿ ಅವನ ಪಾದದ ಬುಡದಿಂದ ಹರಿದ. ಕೊಂದವನು ಬೇಡಿದವನ ಮನೆಯಲ್ಲೇ ಉಳಿದುಬಿಟ್ಟ ಕಥೆ. ನನಗೆ ಇದು ಬಹಳ ಹಿಡಿಸಿತು.

ನಾವು ಮೊದಲು ಹೋದದ್ದು ಶನಿವಾರ. ಕಾರ್ತಿಕದ ಶನಿವಾರ ಅಂದರೆ ಜನ ಕೇಳಬೇಕೆ! ಮರಾಠಿ, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ಬೀದರು ಅಂಥ ಊರು, ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಸ್ನಾನ ಮಾಡಿ ಮೆಟ್ಟಿಲಿಳಿದೆವು. ಮೊದಲು ಮೊಣಕಾಲು, ಆಮೇಲೆ ಸೊಂಟ, ಆಮೇಲೆ ಎದೆ. ನೀರು ತಣ್ಣಗೆ. ಒಳಗೆ ವಿದ್ಯುತ್ ದೀಪಗಳಿವೆ, ಗಾಳಿಗೂ ವ್ಯವಸ್ಥೆ ಮಾಡಿದ್ದಾರೆ. ಆದರೂ ಆ ಕಲ್ಲಿನ ಚಾವಣಿ ತಲೆಯ ಮೇಲೆ ಬಾಗಿದಂತಾದಾಗ, ಬಾವಲಿಯ ಆ ಘಾಟು ವಾಸನೆ ಮೂಗಿಗೆ ಹೊಡೆದಾಗ, ಎದೆ ಒಮ್ಮೆ ಝಲ್ಲೆನ್ನದೆ ಇರದು. ಬಾವಲಿಗಳು ನಮ್ಮ ಗೊಡವೆಗೇ ಬರುವುದಿಲ್ಲ, ಅದು ಬೇರೆ ಮಾತು. ಕಾಲಡಿಯಲ್ಲಿ ಮರಳು, ಸಣ್ಣ ಕಲ್ಲು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಪ್ಪಂದಿರು, "ಗೋವಿಂದಾ" ಅಂತ ಕೂಗುವ ಹುಡುಗರು, ಕೂಗಿದ್ದೆಲ್ಲ ಕಲ್ಲಿಗೆ ಬಡಿದು ವಾಪಸು ಬರುತ್ತಿತ್ತು.

ಇಲ್ಲಿ ಒಂದು ವಿಷಯ ತಿಳಿದಿರಲಿ. ಸುರಂಗದ ಕೊನೆಯಲ್ಲಿ ದೇವರ ಮುಂದೆ ಒಂದು ಸಲಕ್ಕೆ ಏಳೆಂಟು ಜನ ಮಾತ್ರ ನಿಲ್ಲಬಹುದು. ಅವರು ಕೈ ಮುಗಿದು ಹಿಂದಿರುಗುವವರೆಗೂ ಮಿಕ್ಕವರು ನೀರಿನಲ್ಲೇ ಕಾಯಬೇಕು. ಹೋಗುವವರಿಗೂ ಬರುವವರಿಗೂ ಅದೇ ದಾರಿ. ಅರ್ಧ ದಾರಿಗೆ ಬಂದಾಗ ನಮ್ಮ ಸಾಲು ನಿಂತಿತು.

ನಮ್ಮ ಅತ್ತೆ ಗಿಡ್ಡ ಆಳು. ನನಗೆ ಎದೆಮಟ್ಟವಿದ್ದ ನೀರು ಅವರಿಗೆ ಕುತ್ತಿಗೆಮಟ್ಟ. ನಿಂತ ಸ್ವಲ್ಪ ಹೊತ್ತಿಗೆ ಅವರು ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡರು. ನೋಡಿದರೆ ತುಟಿ ಒಣಗಿದೆ, ಕಣ್ಣು ಅಗಲವಾಗಿದೆ.

"ಉಸಿರು ಸಾಲ್ತಿಲ್ಲ ಕಣೆ."

"ತಿರುಗೋಣ ಅತ್ತೆ."

"ಬೇಡ, ಬೇಡ. ಹರಕೆ ಹೊತ್ತವಳು ಅರ್ಧಕ್ಕೆ ತಿರುಗಬಾರದು. ಮಗನ ವಿಷಯ ಕಣೆ."

ಆ ಮಾತಿಗೆ ನನ್ನ ಹೊಟ್ಟೆಯೂ ಚುರುಕ್ಕೆಂದಿತು. ಹೆತ್ತವಳು ನಾನು. ಮಗ ನಾಲ್ಕು ತಿಂಗಳಲ್ಲಿ ಪರೀಕ್ಷೆಗೆ ಕೂರಬೇಕು. ಅರ್ಧಕ್ಕೆ ಬಿಟ್ಟ ಹರಕೆ ಅವನ ತಲೆಯ ಮೇಲೆ ಬಂದರೆ? ಹಾಗಂತ ಎದುರಿಗೆ ಇವರು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದಾರೆ. ನಮ್ಮವರು ನಾಲ್ಕು ಜನರ ಆಚೆ ಮುಂದಿದ್ದರು, ಆ ಗದ್ದಲದಲ್ಲಿ ನನ್ನ ಕೂಗು ಅವರಿಗೆ ಕೇಳಲಿಲ್ಲ.

ನಮ್ಮ ಹಿಂದೆ ಆ ಕಡೆಯ ಹೆಂಗಸೊಬ್ಬಳು ಹೆಗಲ ಮೇಲೆ ಮಗು ಕೂರಿಸಿಕೊಂಡು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿರಬೇಕು. "ಯವ್ವಾ, ಅಂವ ಎಲ್ಲಿ ಓಡಿ ಹೋಗ್ತಾನ್ರಿ? ನಾಳೆನೂ ಇಲ್ಲೇ ಇರ್ತಾನ. ಅಂಜಬ್ಯಾಡ್ರಿ, ಹಗೂರಕ ಹೊಳ್ಳಿ ಹೋಗ್ರಿ" ಅಂದಳು. ಅಷ್ಟು ಹೇಳಿ, "ಏ ಸರೀರಿ, ಮುದುಕವ್ವಗ ದಾರಿ ಬಿಡ್ರಿ" ಅಂತ ಹಿಂದಿನವರಿಗೆ ಗದರಿದಳು. ನಂಬುತ್ತೀರೋ ಇಲ್ಲವೋ, ಅಷ್ಟು ಜನವೂ ಗೋಡೆಗೆ ಒತ್ತಿಕೊಂಡು ನಮಗೆ ದಾರಿ ಬಿಟ್ಟರು. ಒಬ್ಬ ಹುಡುಗ ಅತ್ತೆಯ ಇನ್ನೊಂದು ಕೈ ಹಿಡಿದುಕೊಂಡು ಬಾಗಿಲವರೆಗೂ ಬಂದ. ಬೆಳಕು ಕಂಡ ಮೇಲೆ ಅತ್ತೆಯ ಉಸಿರು ತಾನಾಗಿ ಸರಿಹೋಯಿತು. ಆದರೆ ಮುಖ ಬಾಡಿತ್ತು. ಆಟೋದಲ್ಲಿ ಒಂದೇ ಮಾತು: "ಸ್ವಾಮಿ ನನ್ನ ಬೇಡ ಅಂದ."

ಆ ರಾತ್ರಿ ಊಟದ ಹೊತ್ತಿಗೂ ಅವರ ಮನಸ್ಸು ಸರಿಯಾಗಲಿಲ್ಲ. ಆಗ ನಾದಿನಿಯ ಮಗಳು ಅಜ್ಜಿಯ ಪಕ್ಕ ಕೂತು ಥಾಯ್ಲೆಂಡಿನ ಮಕ್ಕಳ ಕಥೆ ತೆಗೆದಳು. ನಿಮಗೂ ನೆನಪಿರಬೇಕು, ಆಗ ಟೀವಿಯಲ್ಲಿ ದಿನವೆಲ್ಲ ಅದೇ. 2018ರ ಜೂನ್ 23ರಂದು 11ರಿಂದ 16 ವರ್ಷದ 12 ಹುಡುಗರು ತಮ್ಮ ಫುಟ್‌ಬಾಲ್ ಮೇಷ್ಟರ ಜೊತೆ ಥಾಮ್ ಲುವಾಂಗ್ ಗುಹೆಗೆ ಹೋದರು. ಅವರು ಒಳಗಿದ್ದಾಗಲೇ ಮಳೆನೀರು ನುಗ್ಗಿ ದಾರಿ ಮುಚ್ಚಿತು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರೊಳಗೆ ಈಜುವ ಇಬ್ಬರು ಬ್ರಿಟಿಷರು ಜುಲೈ 2ರಂದು, ಬಾಗಿಲಿನಿಂದ ಸುಮಾರು 4 ಕಿಲೋಮೀಟರು ಒಳಗೆ, ಅವರನ್ನು ಜೀವಂತ ಕಂಡರು. ಒಳಗಿನ ನೀರು ತೆಗೆಯುವ ಕೆಲಸಕ್ಕೆ ನಮ್ಮ ದೇಶದಿಂದ ಕಿರ್ಲೋಸ್ಕರ್ ಪಂಪಿನ ಎಂಜಿನಿಯರುಗಳೂ ಹೋಗಿದ್ದರು. ಕೊನೆಗೆ ಮಕ್ಕಳಿಗೆ ನಿದ್ದೆ ಬರುವ ಔಷಧ ಕೊಟ್ಟು, ಮುಖಕ್ಕೆ ಗಾಳಿಯ ಮುಖವಾಡ ಕಟ್ಟಿ, ಜುಲೈ 8ರಿಂದ 10ರವರೆಗೆ ಒಬ್ಬೊಬ್ಬರನ್ನಾಗಿ ನೀರೊಳಗಿಂದ ಹೊರತಂದರು. ಹದಿಮೂರು ಜನವೂ ಬದುಕಿದರು. ಆದರೆ ಜುಲೈ 6ರಂದು, ಒಳಗೆ ಗಾಳಿಯ ಸಿಲಿಂಡರು ಇಟ್ಟು ಹಿಂದಿರುಗುತ್ತಿದ್ದ ಸಮನ್ ಗುನನ್ ಎಂಬ ಥಾಯ್ ನೌಕಾಪಡೆಯ ಮಾಜಿ ಯೋಧರು ದಾರಿಯಲ್ಲೇ ತೀರಿಕೊಂಡರು. ಹಿಂದಿರುಗುವ ದಾರಿಯಲ್ಲಿ, ನೋಡಿ!

"ಅಜ್ಜಿ, ಇಂಥಾ ನೀರಿನ ಗುಹೆಗೆ ಹೋಗೋರಿಗೆ ಒಂದು ಲೆಕ್ಕ ಇದೆ" ಅಂದಳು ಹುಡುಗಿ. ಅದನ್ನು ನಾನು ನಿಮಗಾಗಿ ಸರಿಯಾಗಿ ಕೇಳಿ ತಿಳಿದುಕೊಂಡೆ. ಸಮುದ್ರದಲ್ಲಿ ಮುಳುಗಿದವನು ಕಷ್ಟವಾದರೆ ನೆಟ್ಟಗೆ ಮೇಲಕ್ಕೆ ಬರಬಹುದು. ಗುಹೆಯಲ್ಲಿ ಮೇಲೆ ಕಲ್ಲು. ಹೋದ ದಾರಿಯಲ್ಲೇ ಹಿಂದಿರುಗಬೇಕು. ಅದಕ್ಕೇ ಅವರು ತಂದ ಗಾಳಿಯನ್ನು ಮೂರು ಪಾಲು ಮಾಡುತ್ತಾರೆ. ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಇನ್ನೊಂದು ಪಾಲು ಆಪತ್ತಿಗೆ. ಮೊದಲ ಪಾಲು ಮುಗಿದ ಕೂಡಲೇ, ಎದುರಿಗೆ ಎಂಥ ಅದ್ಭುತವಿದ್ದರೂ ಸರಿ, ತಿರುಗಲೇಬೇಕು. ಬಾಗಿಲಿನಿಂದ ಒಂದು ಹಗ್ಗ ಬಿಟ್ಟುಕೊಂಡು ಹೋಗುತ್ತಾರೆ. ನೀರು ಕದಡಿ ಏನೂ ಕಾಣದಿದ್ದರೂ ಆ ಹಗ್ಗ ಹಿಡಿದೇ ಹೊರಗೆ ಬರುವುದು. ಒಂದೊಂದು ಆಳಿಗೂ ಮೂರು ದೀಪ. ಅಮೆರಿಕದ ಶೆಕ್ ಎಕ್ಸ್‌ಲಿ ಎಂಬವರು ಗುಹೆಗಳಲ್ಲಿ ಮುಳುಗಿ ಸತ್ತವರ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿ 1979ರಲ್ಲಿ ಪುಸ್ತಕವನ್ನೇ ಬರೆದರಂತೆ. ಹಗ್ಗ ಬಿಟ್ಟುಕೊಳ್ಳದವರು, ಹಿಂದಿರುಗುವುದಕ್ಕೆ ಗಾಳಿ ಉಳಿಸಿಕೊಳ್ಳದವರು, ಇಂಥವರ ಕಥೆಯೇ ಅದರಲ್ಲಿ ಮತ್ತೆ ಮತ್ತೆ ಬರುವುದು.

ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿಮ್ಮ ಮಾವನೋರ ಸಂಬಳ ಬಂದಾಗ ನಾನೂ ಮೂರು ಡಬ್ಬಿ ಮಾಡ್ತಿದ್ದೆ ಕಣೆ" ಅಂದರು ನನಗೆ. "ಒಂದು ದಿನಸಿಗೆ, ಒಂದು ಬಾಡಿಗೆಗೂ ಮಕ್ಕಳ ಫೀಸಿಗೂ. ಮೂರನೇದು ಯಾರಾದ್ರೂ ಮಲಗಿದ್ರೆ ಮಾತ್ರ ತೆಗೆಯೋದು. ಇವರು ಸಿನಿಮಾಗೆ ಅಂತ ಎಷ್ಟು ಕೇಳಿದ್ರೂ ಮುಟ್ಟಿಸ್ತಿರಲಿಲ್ಲ."

"ಅದೇ ಅಜ್ಜಿ, ಅದೇ ಲೆಕ್ಕ!" ಅಂತ ಮೊಮ್ಮಗಳು ಚಪ್ಪಾಳೆ ಹೊಡೆದಳು. ಅತ್ತೆ ಆ ರಾತ್ರಿ ಎರಡು ಚಪಾತಿ ತಿಂದು ಮಲಗಿದರು.

ಮರುದಿನ ಭಾನುವಾರ. ಮೊದಲು ಅತ್ತೆಯನ್ನು ಡಾಕ್ಟರ ಮನೆಗೆ ಕರೆದುಕೊಂಡು ಹೋಗಿ ರಕ್ತದೊತ್ತಡ, ಎದೆ ಎಲ್ಲ ತೋರಿಸಿದೆವು. "ಏನೂ ತೊಂದರೆ ಇಲ್ಲ. ಜನ ಕಡಿಮೆ ಇದ್ದಾಗ, ಜೊತೆಯಲ್ಲಿ ಇಬ್ಬರಿದ್ದು, ನಿಧಾನವಾಗಿ ಹೋಗಿ. ಸುಸ್ತಾದರೆ ವಾಪಸು ಬನ್ನಿ" ಅಂದರು ಅವರು. ಅಲ್ಲಿಂದ ನೇರ ಗುರುನಾನಕ್ ಝೀರಾ ಗುರುದ್ವಾರಕ್ಕೆ ಹೋದೆವು. ಹದಿನಾರನೆಯ ಶತಮಾನದ ಆರಂಭದಲ್ಲಿ ಗುರುನಾನಕರು ಇಲ್ಲಿಗೆ ಬಂದಾಗ ಜನ ಕುಡಿಯುವ ನೀರಿಗೆ ಒದ್ದಾಡುತ್ತಿದ್ದರಂತೆ. ಗುರುಗಳು ಕಾಲಿನಿಂದ ಒಂದು ಕಲ್ಲು ಸರಿಸಿದರು, ಸಿಹಿನೀರು ಚಿಮ್ಮಿತು ಎಂಬುದು ಸಿಖ್ಖರ ನಂಬಿಕೆ. ಇವತ್ತಿಗೂ ಆ ಝರಿಯ ನೀರನ್ನು ಪ್ರಸಾದವೆಂದು ಕುಡಿಯುತ್ತಾರೆ. ಹೊರಗೆ ಕಾಫಿಯನ್ನೂ ಕುಡಿಯದ ನಮ್ಮ ಅತ್ತೆ ಅಲ್ಲಿ ತಲೆಯ ಮೇಲೆ ಸೆರಗು ಹೊದ್ದು, ಎಲ್ಲರ ಜೊತೆ ನೆಲದ ಮೇಲೆ ಕೂತು ಲಂಗರಿನ ರೊಟ್ಟಿ ದಾಲು ಊಟ ಮಾಡಿದರು. ನಾನು ಕಣ್ಣು ಬಿಟ್ಟು ನೋಡಿದ್ದಕ್ಕೆ, "ದೇವರ ಮನೆ ಅನ್ನಕ್ಕೆ ಎಂಥಾ ಮಡಿಯೇ?" ಅಂದರು.

ನರಸಿಂಹನ ಪಾದದಲ್ಲೂ ಝರಿ, ಗುರುಗಳ ಪಾದದಲ್ಲೂ ಝರಿ. ಒಂದೇ ಊರಿನಲ್ಲಿ ಇಷ್ಟು ನೀರು ಎಲ್ಲಿಂದ ಅಂತ ನನಗೆ ಕುತೂಹಲ. ಕಾರಣ ಆ ಕೆಂಪು ಕಲ್ಲು. ಬೀದರು ಇರುವುದು ಸಮುದ್ರಮಟ್ಟದಿಂದ ಸುಮಾರು 700 ಮೀಟರು ಎತ್ತರದ ಬಯಲಿನ ಮೇಲೆ. ಮೇಲ್ಗಡೆ ಜಂಬಿಟ್ಟಿಗೆ, ಮಂಗಳೂರಿನ ಕಡೆ ಕೆಂಪುಕಲ್ಲು ಅಂತಾರಲ್ಲ, ಅದೇ. ಅದರ ಕೆಳಗೆ ಗಟ್ಟಿಯಾದ ಕಪ್ಪು ಕಲ್ಲು. ತಟ್ಟೆಯಲ್ಲಿ ಇಡ್ಲಿ ಇಟ್ಟು ಮೇಲೆ ಸಾಂಬಾರು ಸುರಿದು ನೋಡಿ. ಇಡ್ಲಿ ಹೀರಿಕೊಳ್ಳುತ್ತದೆ, ಹೀರಿ ಹೆಚ್ಚಾದದ್ದು ಕೆಳಗಿಳಿದು ಇಡ್ಲಿಯ ಅಂಚಿನಿಂದ ತಟ್ಟೆಗೆ ಬರುತ್ತದೆ. ಹಾಗೆಯೇ ಮಳೆನೀರನ್ನು ತೂತುತೂತಾದ ಕೆಂಪು ಕಲ್ಲು ಹೀರುತ್ತದೆ, ಕಪ್ಪು ಕಲ್ಲು ಕೆಳಗಿಳಿಯಲು ಬಿಡುವುದಿಲ್ಲ. ಎರಡೂ ಸೇರುವ ಕಡೆ ಅದು ಝರಿಯಾಗಿ ಹೊರಡುತ್ತದೆ. ಇದನ್ನು ಬಹಮನಿ ಸುಲ್ತಾನರ ಕಾಲದವರೂ ಚೆನ್ನಾಗಿ ಬಲ್ಲವರಾಗಿದ್ದರು. ಹದಿನೈದನೆಯ ಶತಮಾನದಲ್ಲಿ ಪರ್ಷಿಯಾದ ರೀತಿಯಲ್ಲಿ ನೆಲದೊಳಗೆ ಕಿಲೋಮೀಟರುಗಟ್ಟಲೆ ಸುರಂಗ ತೋಡಿ, ನಡುನಡುವೆ ಬಾವಿಯಂಥ ಕಿಂಡಿಗಳನ್ನು ಬಿಟ್ಟು, ಪಂಪಿಲ್ಲದೆ ಇಳಿಜಾರಿನಲ್ಲೇ ನೀರು ಹರಿಸಿದ್ದಾರೆ. ಕರೇಜ್ ಅಂತ ಅದರ ಹೆಸರು, ಜನ ಸುರಂಗ ಬಾವಿ ಅನ್ನುತ್ತಾರೆ. ನೌಬಾದಿನಲ್ಲಿ ನೋಡಬಹುದು. ಅಂದರೆ ಮೇಲೆ ಬಿದ್ದ ಮಳೆಯೇ ಜಲಾಸುರ. ಮೇಲೆ ನೆಲ ಮುಚ್ಚಿ ಸಿಮೆಂಟು ಹಾಕುತ್ತಾ ಹೋದರೆ ಕೆಳಗೆ ಸ್ವಾಮಿಯ ಪಾದಕ್ಕೆ ನೀರೆಲ್ಲಿಂದ ಬರಬೇಕು ಹೇಳಿ?

ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದೆವು. ಹತ್ತು ಹನ್ನೆರಡು ಜನ ಇದ್ದರೆ ಹೆಚ್ಚು. ನಮ್ಮವರು ಮುಂದೆ, ನಾನು ಹಿಂದೆ, ಅತ್ತೆ ನಡುವೆ. ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುವುದು, ಅತ್ತೆ ಮೂರು ಸಲ ಉಸಿರು ಎಳೆದು "ಹೂಂ" ಅನ್ನುವುದು, ಮತ್ತೆ ಇಪ್ಪತ್ತು ಹೆಜ್ಜೆ. ಶನಿವಾರ ನಾವು ನಿಂತ ಜಾಗ ಬಂದಾಗ ನನ್ನ ಎದೆಯೇ ಹೊಡೆದುಕೊಂಡಿತು. "ಸಾಕಾದ್ರೆ ಹೇಳಿ ಅತ್ತೆ" ಅಂದೆ. "ಇನ್ನೂ ಮೊದಲನೇ ಡಬ್ಬಿಲೇ ಇದೀನಿ, ನಡಿ" ಅಂದರು!

ಕೊನೆಗೆ ಸುರಂಗ ಮುಗಿಯಿತು. ಕಲ್ಲಿನ ಗೋಡೆ, ಹೂವು, ಕುಂಕುಮ, ದೀಪದ ಬೆಳಕು, ನಡುವೆ ಸ್ವಾಮಿ. ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ನಾನು ಮಗನನ್ನು ನೆನೆದು ಕೈ ಮುಗಿದೆ. ಅತ್ತೆ ಏನು ಬೇಡುತ್ತಾರೋ ಅಂತ ಕಿವಿಗೊಟ್ಟರೆ ಅವರು ಬೇಡಲೇ ಇಲ್ಲ. "ಬಂದೆ ಕಣಪ್ಪ. ಈಗ ಜೋಪಾನವಾಗಿ ತಿರುಗಿ ಹೋಗ್ತೀನಿ" ಅಂದರು, ಅಷ್ಟೇ. ಹಾಗೆಯೇ ತಿರುಗಿ ಬಂದೆವು.

ಹರಕೆ ಅನ್ನುವುದು ಹೆಚ್ಚಾಗಿ ನಾವು ಹೆಂಗಸರೇ ಹೊರುವ ಭಾರ. ಉಪವಾಸವಾದರೂ ನಾವೇ, ಹೆಜ್ಜೆನಮಸ್ಕಾರವಾದರೂ ನಾವೇ. ಹೊತ್ತ ಮೇಲೆ ಜೀವ ಹೋದರೂ ಮುಗಿಸಬೇಕು ಅಂತ ನಮಗೆ ನಾವೇ ಕಟ್ಟು ಹಾಕಿಕೊಳ್ಳುತ್ತೇವೆ. ದೇವರ ಹತ್ತಿರ ಹೋಗುವುದಕ್ಕೆ ಇಟ್ಟಷ್ಟೇ ಶಕ್ತಿಯನ್ನು ಮನೆಗೆ ವಾಪಸು ಬರುವುದಕ್ಕೂ ಉಳಿಸಿಕೊಂಡರೆ ಯಾವ ದೇವರೂ ಕೋಪಿಸಿಕೊಳ್ಳುವುದಿಲ್ಲ. ಅಂವ ಎಲ್ಲಿ ಓಡಿ ಹೋಗ್ತಾನೆ?

ನೀವು ಹೋಗುವುದಾದರೆ ಒಂದೆರಡು ಮಾತು. ಹೊರಡುವ ಮುಂಚೆ ಗುಹೆಯೊಳಗೆ ಬಿಡುತ್ತಿದ್ದಾರೋ ಇಲ್ಲವೋ ವಿಚಾರಿಸಿಕೊಳ್ಳಿ, ಮಳೆಗಾಲದಲ್ಲಂತೂ ತಪ್ಪದೆ. ಶನಿವಾರ, ಹಬ್ಬದ ದಿನ ಬಿಟ್ಟು ವಾರದ ನಡುವೆ, ಬೆಳಿಗ್ಗೆಯೇ ಹೋಗಿ. ಸೀರೆ ನೀರಿನಲ್ಲಿ ತೇಲಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಹತ್ತಿಯ ಸಲ್ವಾರ್ ಕಮೀಜು ಒಳ್ಳೆಯದು. ಸೀರೆಯೇ ಬೇಕೆನ್ನುವವರು ನಮ್ಮ ಅತ್ತೆಯ ಹಾಗೆ ಕಚ್ಚೆ ಹಾಕಿ ಬಿಗಿಯಾಗಿ ಉಟ್ಟುಕೊಳ್ಳಿ. ಒಡವೆ, ಮೊಬೈಲು ಮನೆಯಲ್ಲಿಡಿ, ಇಲ್ಲವೇ ಹೊರಗೆ ಕೂರುವವರ ಕೈಗೆ ಕೊಡಿ. ಒಣಬಟ್ಟೆ, ದಪ್ಪ ಟವೆಲು ಮರೆಯಬೇಡಿ. ಹೊಟ್ಟೆ ತುಂಬ ತಿಂದು ನೀರಿಗಿಳಿಯಬೇಡಿ. ಆಸ್ತಮಾ, ಹೃದಯದ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಹೋಗಲೇಬೇಡಿ. ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಒಬ್ಬರಿಗೊಬ್ಬರು ಜೊತೆ ಇರಲಿ. ಒಳಗೆ ಯಾರಿಗೇ ಉಸಿರು ಕಟ್ಟಿದಂತಾದರೂ ಅಲ್ಲಿಂದಲೇ ಕೈ ಮುಗಿದು ತಿರುಗಿ.

ಹೊರಗೆ ಬಂದ ಮೇಲೆ ಹಸಿವು ಚೆನ್ನಾಗಿ ಆಗುತ್ತದೆ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಆ ಊರಿನಲ್ಲಿ ಬಲು ರುಚಿ. ಹೊತ್ತಿದ್ದರೆ ಬೀದರಿನ ಕೋಟೆ, 1472ರ ಮಹಮೂದ್ ಗವಾನನ ಮದರಸಾ ನೋಡಿ ಬನ್ನಿ. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿ ಕೆಲಸಕ್ಕೆ ಆ ಕಪ್ಪು ಬಣ್ಣ ಬರುವುದು ಹಳೇ ಕೋಟೆಯ ಮಣ್ಣಿನಿಂದ ಅಂತ ಅಲ್ಲೇ ತಿಳಿಯಿತು. ಅತ್ತೆ ಒಂದು ಬಿದರಿಯ ಪುಟ್ಟ ಡಬ್ಬಿ ಕೊಂಡರು. ಏನಕ್ಕೆ ಅಂತ ನಮ್ಮವರು ಕೇಳಿದ್ದಕ್ಕೆ, "ಮೊಮ್ಮಗನಿಗೆ, ದುಡ್ಡು ಕೂಡಿಡೋಕೆ" ಅಂದರು.